ವಿದ್ಯಾರ್ಥಿಗಳೇ ನಡೆಯಿಸಿದ ಶಾಲೆಯ ಒಂದು ವಾರ



ವಿದ್ಯಾದಾನವು ಸಕಲ ದಾನಗಳಲ್ಲಿಯೂ ಮಿಗಿಲಾದುದೆಂದು ಹಿರಿಯರು ಹೇಳುತ್ತ ಬಂದಿರುವರು. ದಾನವೆಂದ ಬಳಿಕ ಕೊಡುವವನೂ ಇರಬೇಕು, ಕೊಳ್ಳುವವನೂ ಇರಬೇಕು. ಕೊಡುವವನ ಯೋಗ್ಯತೆಯನ್ನು ಕುರಿತು ಲೋಕದಲ್ಲಿ ಬಹಳ ವಿಚಾರ ನಡೆದಿರುವುದು. ಕೊಳ್ಳುವವನ ಹಸಿವನ್ನು ಕುರಿತು ನಡೆದಿರುವ ವಿಚಾರವಾದರೋ ಕಡಿಮೆ. ಹಸಿವಿಲ್ಲದವನ ಮುಂದೆ ಮೃಷ್ಟಾನ್ನವನ್ನು ಬಡಿಸಿದರೂ ಅದು ಎಲೆಯ ಮೇಲೆಯೇ ಆರಿಹೋಗುವುದು. ಹದಿನೈದು, ಹದಿನಾರು ವರ್ಷದ ತರುಣರಲ್ಲಿ ಜ್ಞಾನದ ಹಸಿವನ್ನು ಹುಟ್ಟಿಸುವ ಬಗೆ ಯಾವುದು? ಈ ಪ್ರಶ್ನೆಗೆ ಅಮೇರಿಕಾ ದೇಶದ ಸಣ್ಣದೊಂದು ಊರಿನಲ್ಲಿ ವಿದ್ಯಾರ್ಥಿಗಳೇ ಮುಂದಾಗಿ ಒಂದು ಪ್ರಯೋಗವನ್ನು ಮಾಡಿದರು. ಮಕ್ಕಳನ್ನು ಶಾಲೆಗೆ ಕಳುಹಿಸುವ ಎಲ್ಲ ತಂದೆತಾಯಿಗಳಿಗೂ ಅದರ ವೃತ್ತಾಂತವು ವಿಚಾರಾರ್ಹವಾದುದು.

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮ್ಯಾಸಚೂಸೆಟ್ಸಿನ ಪಶ್ಚಿಮಭಾಗವು ಗುಡ್ಡಬೆಟ್ಟಗಳ ನಾಡು. ಅಲ್ಲಿಯ ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ ಮಾನ್ಯುಮೆಂಟ್ ಮೌಂಟನ್ ಎಂಬ ಹೆಸರಿನ ಸಾರ್ವಜನಿಕ ಪ್ರೌಢಶಾಲೆಯುಂಟು. ಆ ಶಾಲೆಯ ವಿದ್ಯಾರ್ಥಿಯಾಗಿದ್ದ ಸ್ಯಾಮ್ಯುಯೆಲ್ ಲೆವಿನ್ ಎಂಬ ತರುಣನು 2007ರಲ್ಲಿ ಗೆಳೆಯರೊಡನೆ ಕೂಡಿ ಶಾಲೆಯ ನೆಲದಲ್ಲಿಯೇ ಕಾಯಿಪಲ್ಲೆಯ ತೋಟವೊಂದನ್ನು ಹಾಕಿದನು. ತೋಟದ ಕೆಲಸಕ್ಕೆ ಹುಡುಗರು ಯಾರ ಬಲವಂತವೂ ಇಲ್ಲದೆ ಬಂದು ಮೈಮುರಿದು ದುಡಿಯುವರು. ತರಗತಿಯಲ್ಲಿಯಾದರೋ ಅನೇಕರಿಗೆ ಓದಿನಲ್ಲಿ ಮನಸ್ಸೇ ಇಲ್ಲ. ಈ ಭೇದವು ಅವನ ಮನಸ್ಸನ್ನು ಕೊರೆಯಿತು. ಅವನು ಮನೆಯಲ್ಲಿ ತನ್ನ ಬೇಸರವನ್ನು ತೋಡಿಕೊಂಡಾಗ, ನೀನೇ ಒಂದು ಶಾಲೆಯನ್ನು ಏಕೆ ತೆರೆಯಬಾರದು ಎಂದು ಅವನ ತಾಯಿ ಕೇಳಿದರು. ಆ ತಾಯಿಯೇ ವಿಲಿಯಮ್ಸ್ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುವ ಸೂಸನ್ ಎಂಗೆಲ್ ಅವರು.

ಆ ಒಂದು ಮಾತಿನಿಂದ ಹುಟ್ಟಿದುದೇ ಇಂಡಿಪೆಂಡೆಂಟ್ ಪ್ರಾಜೆಕ್ಟ್, ಅಂದರೆ ಸ್ವತಂತ್ರ ಯೋಜನೆ. ಶಾಲೆಯ ಅಧಿಕಾರಿಗಳ ಅನುಮತಿಯನ್ನು ಪಡೆದು, 2010ರ ಸೆಪ್ಟೆಂಬರಿನಿಂದ ಮರುವರ್ಷದ ಜನವರಿಯವರೆಗೆ, ಎಂಟು ಮಂದಿ ವಿದ್ಯಾರ್ಥಿಗಳು ಶಾಲೆಯೊಳಗೇ ತಮ್ಮದೊಂದು ಶಾಲೆಯನ್ನು ನಡೆಯಿಸಿದರು. ಅವರೆಲ್ಲರೂ ಬುದ್ಧಿಯಲ್ಲಿ ಮೊದಲಿಗರಾಗಿದ್ದವರಲ್ಲ. ಓದಿನಲ್ಲಿ ಮುಂದಿದ್ದವರೂ ಇದ್ದರು, ಹಿಂದುಳಿದವರೂ ಇದ್ದರು, ಶಾಲೆಯನ್ನೇ ಬಿಟ್ಟುಬಿಡಬೇಕೆಂದು ಎಣಿಸಿದ್ದವನೂ ಇದ್ದನು. ಅವರಿಗೆ ಅಂಕಗಳಿಲ್ಲ, ಪಾಠ ಹೇಳಲು ನಿಯತನಾದ ಉಪಾಧ್ಯಾಯನಿಲ್ಲ. ಶಾಲೆಯ ಮಾರ್ಗದರ್ಶಕರೊಬ್ಬರು ಉತ್ಸಾಹವು ಕುಂದಿದಾಗ, ದಾರಿ ಕಾಣದಾದಾಗ, ಸಲಹೆಯನ್ನು ಕೊಡುವರು. ಗಣಿತ, ವಿಜ್ಞಾನ, ಇಂಗ್ಲಿಷ್ ಉಪಾಧ್ಯಾಯರನ್ನು ಬೇಕಾದಾಗ ವಿದ್ಯಾರ್ಥಿಗಳೇ ಹೋಗಿ ಕೇಳುವರು. ಉಳಿದ ಹೊಣೆಯೆಲ್ಲವೂ ಅವರದೇ.

ಅವರ ವಾರದ ಕ್ರಮವು ಹೀಗಿದ್ದಿತು. ಸೋಮವಾರ ಪ್ರತಿಯೊಬ್ಬನೂ ತಾನು ನಿಜವಾಗಿ ತಿಳಿಯಬೇಕೆಂದಿರುವ ಒಂದು ಪ್ರಶ್ನೆಯನ್ನು ಸಭೆಯ ಮುಂದಿಡಬೇಕು. ಅದು ಪ್ರಕೃತಿಯನ್ನು ಕುರಿತೋ ಮನುಷ್ಯಸಮಾಜವನ್ನು ಕುರಿತೋ ಇರಬಹುದು. ಉಳಿದವರು ಅದನ್ನು ಒರೆಗೆ ಹಚ್ಚುವರು: ಇದು ತೀರ ವಿಶಾಲವಲ್ಲವೇ, ಇದಕ್ಕೆ ಉತ್ತರವನ್ನು ಹುಡುಕುವ ಮಾರ್ಗವುಂಟೇ ಎಂದು. ಅಲ್ಲಿಂದ ಮುಂದಿನ ದಿನಗಳು ಶೋಧನೆಗೆ ಮೀಸಲು. ಶುಕ್ರವಾರ ಪ್ರತಿಯೊಬ್ಬನೂ ತಾನು ಕಂಡುಕೊಂಡುದನ್ನು ಉಳಿದ ಏಳು ಮಂದಿಗೆ ಬೋಧಿಸಬೇಕು. ಅವರ ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಮುಂದಿನ ಸೋಮವಾರ ಹೊಸ ಪ್ರಶ್ನೆ.

ಅವರು ಎತ್ತಿಕೊಂಡ ಪ್ರಶ್ನೆಗಳಲ್ಲಿ ಒಂದು, ನೆರೆಯ ಬೆಟ್ಟದ ಬುಡದಲ್ಲಿ ಬೆಳೆಯುವ ಸಸ್ಯಗಳ ಜೀವಕೋಶಗಳು ಅದರ ನೆತ್ತಿಯ ಮೇಲಿನ ಸಸ್ಯಗಳ ಜೀವಕೋಶಗಳಿಗಿಂತ ಬೇರೆಯಾಗಿರುವುವೇ ಎಂಬುದು. ಕೇಳುವುದಕ್ಕೆ ಇದು ಬಾಲಿಶವಾಗಿ ತೋರಬಹುದು. ಆದರೆ ಉತ್ತರ ಹುಡುಕಹೊರಟವನು ಏನೇನು ಮಾಡಬೇಕಾಗುವುದೆಂಬುದನ್ನು ಎಣಿಸಿ ನೋಡಬೇಕು. ಎರಡು ಕಡೆಯಿಂದಲೂ ಒಂದೇ ಜಾತಿಯ ಗಿಡದ ಎಲೆಗಳನ್ನು ತರಬೇಕು. ಇಲ್ಲವಾದರೆ ಕಂಡ ಭೇದವು ಎತ್ತರದಿಂದಾದುದೋ ಜಾತಿಯಿಂದಾದುದೋ ತಿಳಿಯದು. ಎಳೆಯ ಎಲೆಯೊಡನೆ ಬಲಿತ ಎಲೆಯನ್ನು ಹೋಲಿಸಲಾಗದು. ಒಂದೆರಡು ಎಲೆಗಳು ಸಾಲವು, ಹಲವು ಬೇಕು. ಅವನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕ ಯಂತ್ರದ ಕೆಳಗಿಟ್ಟು ಅಳೆಯಬೇಕು, ಎಣಿಸಬೇಕು, ಬರೆದಿಡಬೇಕು. ವಿಜ್ಞಾನದ ವಿಧಾನವೆಂದು ಪಠ್ಯಪುಸ್ತಕದ ಮೊದಲ ಪ್ರಕರಣದಲ್ಲಿ ಓದಿ ಮರೆಯುವ ಸಂಗತಿಯು ಇಲ್ಲಿ ಕೈಗೆ ಹತ್ತುವ ಕೆಲಸವಾಗುವುದು.

ಮತ್ತೊಂದು ಪ್ರಶ್ನೆ, ನಾವು ಏಕೆ ಅಳುತ್ತೇವೆ ಎಂಬುದು. ಕಣ್ಣನ್ನು ಸದಾ ತೇವವಾಗಿಡುವ ನೀರು ಒಂದು ಬಗೆ. ಈರುಳ್ಳಿಯನ್ನು ಹೆಚ್ಚುವಾಗ ಸುರಿಯುವ ನೀರು ಇನ್ನೊಂದು ಬಗೆ. ದುಃಖದಿಂದಲೋ ಆನಂದದಿಂದಲೋ ಬರುವ ಕಣ್ಣೀರು ಮೂರನೆಯದು. ಮೊದಲೆರಡರ ಕಾರಣವನ್ನು ಶರೀರಶಾಸ್ತ್ರವು ಹೇಳಬಲ್ಲುದು. ಮೂರನೆಯದರ ಪ್ರಯೋಜನವೇನೆಂಬುದರಲ್ಲಿ ಪಂಡಿತರಿಗೆ ಇಂದಿಗೂ ಏಕಮತವಿಲ್ಲ. ಇಂಥ ಪ್ರಶ್ನೆಯ ಬೆನ್ನು ಹತ್ತಿದ ತರುಣನು ಮನುಷ್ಯನ ಅರಿವಿನ ಎಲ್ಲೆಯವರೆಗೂ ನಡೆದುಹೋಗುವನು. ತಿಳಿದುದು ಎಲ್ಲಿ ಮುಗಿಯಿತು, ತಿಳಿಯದುದು ಎಲ್ಲಿ ಮೊದಲಾಯಿತು ಎಂಬುದನ್ನು ಸ್ವತಃ ಕಾಣುವನು. ವಿನಯವೆಂಬ ಗುಣವು ಉಪದೇಶದಿಂದ ಬರುವುದಕ್ಕಿಂತ ಹೀಗೆ ಬರುವುದೇ ಹೆಚ್ಚು.

ಅರ್ಧ ಅವಧಿಯು ಹೀಗೆ ಕಳೆದ ಬಳಿಕ ಅವರು ಸಾಹಿತ್ಯಕ್ಕೂ ಗಣಿತಕ್ಕೂ ತಿರುಗಿದರು. ಎಂಟು ವಾರಗಳಲ್ಲಿ ಎಂಟು ಕಾದಂಬರಿಗಳನ್ನು ಓದಿದರು. ಆಸ್ಕರ್ ವೈಲ್ಡ್, ಫಾಕ್ನರ್, ವಾನೆಗಟ್ ಮೊದಲಾದವರ ಕೃತಿಗಳು ಅವುಗಳಲ್ಲಿದ್ದುವು. ಅದೇ ಶಾಲೆಯ ಉನ್ನತ ವರ್ಗದ ಇಂಗ್ಲಿಷ್ ವಿದ್ಯಾರ್ಥಿಗಳು ಆಗ ಇಡೀ ವರ್ಷದಲ್ಲಿ ಓದುತ್ತಿದ್ದುದು ಇದಕ್ಕಿಂತ ಕಡಿಮೆ. ಇದರ ಜೊತೆಗೆ ಪ್ರತಿಯೊಬ್ಬನೂ ತನಗೆ ಪ್ರಿಯವಾದ ಒಂದು ವಿದ್ಯೆಯನ್ನು ಸಾಧಿಸಬೇಕಾಗಿದ್ದಿತು. ಪಿಯಾನೋ ವಾದ್ಯವನ್ನು ಅಭ್ಯಾಸ ಮಾಡಿದವರುಂಟು, ಅಡಿಗೆಯನ್ನು ಕಲಿತವರುಂಟು, ಕಾದಂಬರಿಯನ್ನು ಬರೆದವರುಂಟು. ಕಲಿತುದನ್ನು ಕೊನೆಯಲ್ಲಿ ಇಡೀ ಶಾಲೆಯ ಎದುರಿಗೆ ಮಾಡಿ ತೋರಿಸಿದರು.

ಶಾಲೆಯನ್ನು ಬಿಡಬೇಕೆಂದಿದ್ದ ಹುಡುಗನ ಸಂಗತಿಯು ವಿಶೇಷವಾಗಿ ಗಮನಿಸತಕ್ಕದ್ದು. ಒಂದು ವಾರ ಅವನು ಇತಿಹಾಸದ ಪ್ರಶ್ನೆಯೊಂದರಲ್ಲಿ ಮುಳುಗಿದ್ದನು. ವಾರವು ಮುಗಿದರೂ ಅದನ್ನು ಬಿಡಲು ಮನಸ್ಸು ಬಾರದು. ಹೊಸ ಪ್ರಶ್ನೆಯನ್ನು ಕಳೆದುಕೊಳ್ಳಲೂ ಇಷ್ಟವಿಲ್ಲ. ಎರಡನ್ನೂ ನಡೆಯಿಸಬಹುದೇ ಎಂದು ಸಂಕೋಚದಿಂದ ಗೆಳೆಯರನ್ನು ಕೇಳಿದನು. ಆಗಬಹುದು, ಕಲಿಯುವುದೆಂದರೆ ಅದೇ ಇರಬೇಕು, ಎಂಬರ್ಥದ ಉತ್ತರವು ಜೊತೆಗಾರನಿಂದ ಬಂದಿತು. ಈ ಸಂಗತಿಯನ್ನು ಎಂಗೆಲ್ ಅವರು 2011ರ ಮಾರ್ಚಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದರು. ತಾಯಿ ಮಗ ಇಬ್ಬರೂ ಕೂಡಿ 2016ರಲ್ಲಿ ಈ ಪ್ರಯೋಗವನ್ನು ಕುರಿತು ಒಂದು ಗ್ರಂಥವನ್ನೂ ಪ್ರಕಟಿಸಿದರು.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಎಂಟು ಮಂದಿಗೆ ಸಾಧ್ಯವಾದುದು ಎಂಟುನೂರು ಮಂದಿಗೆ ಸಾಧ್ಯವೇ? ಹುಡುಗರು ತಮಗೆ ರುಚಿಸಿದುದನ್ನಷ್ಟೇ ಹಿಡಿದು ಕಷ್ಟವಾದುದನ್ನು ಬಿಟ್ಟುಬಿಡರೇ? ಇವು ತಳ್ಳಿಹಾಕುವ ಮಾತುಗಳಲ್ಲ. ಒಂದು ಅವಧಿಯ ಅನುಭವದಿಂದ ದೇಶದ ಶಿಕ್ಷಣಪದ್ಧತಿಯನ್ನೇ ಬದಲಿಸಹೊರಡುವುದು ಅವಿವೇಕವಾದೀತು. ಆದರೂ ಒಂದು ವಿಷಯವು ಸ್ಪಷ್ಟವಾಗಿ ಸಿದ್ಧವಾಗಿರುವುದು. ಸ್ವಾತಂತ್ರ್ಯವನ್ನು ಕೊಟ್ಟರೆ ತರುಣರು ಸೋಮಾರಿಗಳಾಗುವರೆಂಬ ಭಯವು ಇಲ್ಲಿ ನಿಜವಾಗಲಿಲ್ಲ. ಅದಕ್ಕೆ ಕಾರಣವು ಶುಕ್ರವಾರ. ಉಪಾಧ್ಯಾಯನಿಗೆ ನೆಪವನ್ನು ಹೇಳಿ ತಪ್ಪಿಸಿಕೊಳ್ಳಬಹುದು. ತನ್ನಂತೆಯೇ ವಾರವೆಲ್ಲ ದುಡಿದು ಬಂದು, ಕೇಳಲು ಕುಳಿತ ಏಳು ಮಂದಿ ಗೆಳೆಯರ ಎದುರಿಗೆ ಬರಿಗೈಯಲ್ಲಿ ನಿಲ್ಲುವುದು ಕಷ್ಟ. ಸೋಮವಾರದ ಸ್ವಾತಂತ್ರ್ಯಕ್ಕೆ ಶುಕ್ರವಾರದ ಹೊಣೆಯು ಕಟ್ಟಿಕೊಂಡಿದ್ದಿತು. ಹೊಣೆಯಿಲ್ಲದ ಸ್ವಾತಂತ್ರ್ಯವು ತರುಣರನ್ನು ಕೆಡಿಸುವುದು. ಸ್ವಾತಂತ್ರ್ಯವಿಲ್ಲದ ಹೊಣೆಯು ಅವರ ಮನಸ್ಸನ್ನು ಬಾಡಿಸುವುದು. ಎರಡೂ ಕೂಡಿದಲ್ಲಿ ವಿದ್ಯೆಯು ಬೇರೂರುವುದು.

ಇದನ್ನು ಆಚರಿಸಲು ಹೊಸ ಕಟ್ಟಡವಾಗಲಿ ಹೆಚ್ಚಿನ ದ್ರವ್ಯವಾಗಲಿ ಬೇಕಾದುದಿಲ್ಲ. ಮನೆಯ ಹಿರಿಯರು ವಾರದ ಮೊದಲ ದಿನ ಮಗುವನ್ನು ಕರೆದು, ಈ ವಾರ ನಿನಗೆ ಏನನ್ನು ತಿಳಿಯಬೇಕೆಂದಿರುವುದು ಎಂದು ಕೇಳಲಿ. ಉತ್ತರವನ್ನು ತಾವೇ ಹೇಳದೆ ತಡೆದಿರಲಿ. ವಾರದ ಕೊನೆಗೆ ಬಿಡುವು ಮಾಡಿಕೊಂಡು ಅವನ ಮುಂದೆ ಶಿಷ್ಯರಂತೆ ಕುಳಿತು ಕೇಳಲಿ. ಬಲ್ಲವರಾದ ಹಿರಿಯರಿಗೆ ಉತ್ತರವನ್ನು ಹೇಳದೆ ತಡೆದಿರುವುದೇ ಇವುಗಳಲ್ಲಿ ಅತ್ಯಂತ ಕಠಿಣವಾದುದು. ಆ ಕಷ್ಟವನ್ನು ಸಹಿಸಿದವರ ಮನೆಯಲ್ಲಿ ಮಕ್ಕಳ ಹಸಿವು ತಾನಾಗಿಯೇ ಎಚ್ಚರಗೊಳ್ಳುವುದು.