ಪದಕದ ಜೊತೆಗೊಂದು ಚೀಟಿ ಇರಲಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಪೋಷಕರು ಮತ್ತು ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಶಾಲೆಯ ನಿವೃತ್ತ ದೈಹಿಕ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)



ಈ ಮೈದಾನದಲ್ಲಿ ಇಪ್ಪತ್ತೆರಡು ವರ್ಷ ಸೀಟಿ ಊದಿದವನು ನಾನು. ಸೀಟಿ ಊದಿದಷ್ಟು ಸುಲಭವಾಗಿ ಭಾಷಣ ಬರುವುದಿಲ್ಲ. ಆದ್ದರಿಂದ ಒಂದೇ ವಿಷಯ ಹೇಳಿ ಕೂರುತ್ತೇನೆ. ನಿಮ್ಮ ಮಕ್ಕಳು ಆಟದಲ್ಲಿ ಗೆದ್ದು ತಂದ ಪದಕ, ಕಪ್ಪು, ಪ್ರಮಾಣಪತ್ರಗಳನ್ನು ಹೇಗೆ ಜೋಪಾನ ಮಾಡಬೇಕು ಎಂಬುದೇ ಆ ವಿಷಯ. ಇದೇನು ದೊಡ್ಡ ಸಂಗತಿ, ಮೊಳೆ ಹೊಡೆದು ಗೋಡೆಗೆ ತೂಗುಹಾಕಿದರಾಯಿತು ಎಂದು ನಿಮಗೆ ಅನ್ನಿಸಬಹುದು. ನಮ್ಮ ಮಲೆನಾಡಿನ ಗೋಡೆ ಎಂಥದ್ದು ಎಂಬುದು ನಿಮಗೇ ಗೊತ್ತು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಗೋಡೆ ಬೆವರುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಕಾಗದಕ್ಕೆ ಗೆದ್ದಲು ಬರುತ್ತದೆ. ಅಂಥ ಗೋಡೆಯ ಮೇಲೆ ಮಗುವಿನ ಪದಕ ಎಷ್ಟು ದಿನ ಬಾಳೀತು?

ಮೊದಲು ಪದಕ ಎಂದರೇನು ಎಂದು ತಿಳಿದುಕೊಳ್ಳೋಣ. ಚಿನ್ನದ ಪದಕ ಎನ್ನುತ್ತೇವೆ. ಒಲಿಂಪಿಕ್ಸ್‌ನ ಚಿನ್ನದ ಪದಕವೂ ಪೂರ್ತಿ ಚಿನ್ನವಲ್ಲ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೇ ಅಪ್ಪಟ ಚಿನ್ನದ ಪದಕದ ಕಾಲ ಮುಗಿಯಿತು. ಈಗಿನದು ಬೆಳ್ಳಿಯ ಮೇಲೆ ಸುಮಾರು 6 ಗ್ರಾಂ ಚಿನ್ನದ ಲೇಪ. ಇನ್ನು ನಮ್ಮ ವಲಯ ಮಟ್ಟದ, ತಾಲ್ಲೂಕು ಮಟ್ಟದ ಪದಕ? ಹೆಚ್ಚಿನವು ಸತುವಿನ ಮಿಶ್ರಲೋಹಕ್ಕೋ ಕಬ್ಬಿಣದ ತಗಡಿಗೋ ತೆಳ್ಳಗೆ ಬಣ್ಣದ ಲೇಪ ಕೊಟ್ಟವು. ಬೆವರಿನ ಕೈಯಲ್ಲಿರುವ ಉಪ್ಪು ಸಾಕು, ಲೇಪ ಮಂಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್ ಪದಕಗಳಲ್ಲಿ ಐಫೆಲ್ ಗೋಪುರದ 18 ಗ್ರಾಂ ಕಬ್ಬಿಣ ಕೂರಿಸಿದ್ದರು. ಅಷ್ಟು ಮುತುವರ್ಜಿಯಿಂದ ಮಾಡಿದ ಪದಕಗಳಲ್ಲೂ ಹಲವು ಬೇಗನೆ ಬಣ್ಣಗೆಟ್ಟು, ಬದಲಿಸಿಕೊಡಬೇಕಾಯಿತು. ಅಂದಮೇಲೆ ನಮ್ಮ ತಾಲ್ಲೂಕು ಪದಕ ಕಪ್ಪಾದರೆ ಅದರ ತಪ್ಪಲ್ಲ.

ತಾಯಂದಿರಿಗೆ ಒಂದು ವಿನಂತಿ. ಮಂಕಾದ ಪದಕ ಕಂಡರೆ ನಿಮ್ಮ ಕೈ ಸುಮ್ಮನಿರುವುದಿಲ್ಲ. ಹಿತ್ತಾಳೆ ಚೊಂಬು ತಿಕ್ಕಿದ ಹಾಗೆ ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ತಿಕ್ಕುತ್ತೀರಿ. ಚೊಂಬು ಒಳಗೂ ಹೊರಗೂ ಹಿತ್ತಾಳೆ, ತಿಕ್ಕಿದಷ್ಟೂ ಹೊಳೆಯುತ್ತದೆ. ಪದಕದ ಹೊಳಪು ಬರೀ ಮೇಲಿನ ಲೇಪದ್ದು. ಒಮ್ಮೆ ತಿಕ್ಕಿದರೆ ಚಿನ್ನ ಹೋಗಿ ತಗಡು ಉಳಿಯುತ್ತದೆ. ಒಣಗಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ಹಗುರವಾಗಿ ಒರೆಸಿ, ಅಷ್ಟು ಸಾಕು. ಆಮೇಲೆ ಒಂದೊಂದನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಬೇರೆಬೇರೆಯಾಗಿ ಸುತ್ತಿ ಡಬ್ಬಿಯಲ್ಲಿಡಿ. ವೃತ್ತಪತ್ರಿಕೆಯಲ್ಲಿ ಸುತ್ತಬೇಡಿ, ಅದರ ಶಾಯಿಯೂ ಆಮ್ಲವೂ ಅಂಟುತ್ತವೆ. ರಬ್ಬರ್‌ಬ್ಯಾಂಡ್ ಹಾಕಬೇಡಿ, ಅದು ಕರಗಿ ರಿಬ್ಬನ್ನಿಗೆ ಹತ್ತಿಕೊಳ್ಳುತ್ತದೆ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಾಡದೆ ಎರಡು ಡಬ್ಬಿಯೊಳಗೆ ಹಾಕಿ, ವರ್ಷಕ್ಕೊಮ್ಮೆ ಬದಲಿಸಿ. ಡಬ್ಬಿಯನ್ನು ಒಲೆಯ ಹೊಗೆ ಬರುವ ಅಟ್ಟದ ಮೇಲಾಗಲಿ, ಮಳೆ ಬಡಿಯುವ ಗೋಡೆಗೆ ಒತ್ತಿಯಾಗಲಿ ಇಡಬೇಡಿ.

ಇದಕ್ಕೆಲ್ಲ ದಿನ ಯಾವಾಗ? ಆಯುಧಪೂಜೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಬರುವ ಹಬ್ಬ ಅದು. ಕತ್ತಿ, ಗುದ್ದಲಿ, ಬೈಕು ಎಲ್ಲವನ್ನೂ ಒರೆಸಿ ಪೂಜೆಗಿಡುತ್ತೇವಲ್ಲ, ಅಂದೇ ಮಗುವಿನ ಪದಕದ ಡಬ್ಬಿಯನ್ನೂ ತೆರೆಯಿರಿ. ಕುಂಕುಮದ ನೀರು ತಾಗಿಸಬೇಡಿ, ಪಕ್ಕದಲ್ಲೊಂದು ಹೂವಿಡಿ. ಓಡಿದ ಕಾಲೂ ಒಂದು ಆಯುಧವೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪದಕಕ್ಕಿಂತ ಕಾಗದ ದೊಡ್ಡದು. ನನ್ನ ವಿದ್ಯಾರ್ಥಿನಿಯೊಬ್ಬಳ ಕಥೆ ಹೇಳುತ್ತೇನೆ, ಹೆಸರು ಬೇಡ. ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಹುಡುಗಿಯರ ಕಬಡ್ಡಿ ತಂಡ ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ರಾಜ್ಯ ಮಟ್ಟಕ್ಕೆ ಹೋಯಿತು. ಆ ತಂಡದ ರೈಡರ್ ಅವಳು. ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಹಾರ ಹಾಕಿದೆವು. ಪದಕವನ್ನು ದೇವರ ಮನೆಯಲ್ಲಿ ತೂಗುಹಾಕಿದರು, ಪ್ರಮಾಣಪತ್ರವನ್ನು ಗೋಡೆಯ ಗೂಡಿನಲ್ಲಿಟ್ಟರು. ಆರು ವರ್ಷದ ಮೇಲೆ ಕ್ರೀಡಾ ಕೋಟಾದ ಒಂದು ನೇಮಕಾತಿಗೆ ಅರ್ಜಿ ಕರೆದರು. ಗೂಡಿಗೆ ಕೈ ಹಾಕಿದರೆ ಗೆದ್ದಲ ಮಣ್ಣು. ಪದಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಹತ್ತಿರ ಬಂದಳು. "ಸಾರ್, ಇದು ನಂದೇ ಅಂತ ನೀವೇ ಬರೆದುಕೊಡಿ" ಅಂದಳು. ಪದಕದ ಹಿಂದೆ ಹೆಸರಿಲ್ಲ, ವರ್ಷವಿಲ್ಲ, ಆಟದ ಹೆಸರೂ ಇಲ್ಲ. ಶಾಲೆಯ ಕಪಾಟಿನಲ್ಲಿ ಆ ವರ್ಷದ ಕ್ರೀಡಾ ಕಡತ ಹುಡುಕಿದೆವು. ತಂಡದ ಪ್ರವೇಶಪತ್ರದ ನಕಲು ಸಿಕ್ಕಿತು. ಅದನ್ನು ಹಿಡಿದು ಅವಳು ಅಲೆದಳು, ದ್ವಿಪ್ರತಿಯೂ ಬಂತು. ಆದರೆ ಅದು ಬರುವ ಹೊತ್ತಿಗೆ ಅರ್ಜಿಯ ಕೊನೆಯ ದಿನ ದಾಟಿತ್ತು. ಅವಳು ಸೋತದ್ದು ಅಂಕಣದಲ್ಲಲ್ಲ, ಗೋಡೆಯ ಗೂಡಿನಲ್ಲಿ.

ಕಾಗದಕ್ಕೆ ಎಷ್ಟು ಬೆಲೆ ಎಂದು ತಿಳಿಯಲು ಇನ್ನೊಂದು ವಿಷಯ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಯಾವ ಮಟ್ಟದ ಆಟಕ್ಕೆ ಯಾವ ನಮೂನೆಯ ಪ್ರಮಾಣಪತ್ರ ಎಂಬುದನ್ನೇ ಗೊತ್ತುಮಾಡಿದ್ದಾರೆ. ರಾಷ್ಟ್ರಮಟ್ಟದ ಶಾಲಾ ಕ್ರೀಡೆಗೆ ನಾಲ್ಕನೆಯ ನಮೂನೆ. ನಮ್ಮ ರಾಜ್ಯದ ವೃತ್ತಿಶಿಕ್ಷಣ ಪ್ರವೇಶದಲ್ಲೂ ಕ್ರೀಡಾಪಟುಗಳಿಗೆ ಸೀಟುಗಳಿವೆ. ಅಲ್ಲೆಲ್ಲ ಮೂಲ ಪ್ರತಿಯನ್ನೇ ನೋಡುತ್ತಾರೆ. ಕೊರಳಲ್ಲಿ ಹತ್ತು ಪದಕ ಹಾಕಿಕೊಂಡು ಹೋದರೂ ಮೇಜಿನ ಆ ಕಡೆ ಕೂತವರು ಕೇಳುವುದು ಕಾಗದವನ್ನೇ.

ಆದ್ದರಿಂದ ಪ್ರಮಾಣಪತ್ರ ಕೈಗೆ ಬಂದ ದಿನವೇ ಹೆಸರು, ಜನ್ಮದಿನಾಂಕ ಶಾಲೆಯ ದಾಖಲಾತಿಯಂತೆ ಇವೆಯೇ, ಸಹಿ ಮೊಹರು ಬಿದ್ದಿವೆಯೇ ನೋಡಿ. ಒಂದು ಇನಿಶಿಯಲ್ ತಪ್ಪಿದ್ದರೂ ಅಂದೇ ತಿದ್ದಿಸಿ, ವರ್ಷ ಕಳೆದ ಮೇಲೆ ಕಷ್ಟ. ಮೂಲ ಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಅಂಟಿದರೆ ಬಿಡಿಸಲಾಗದು. ಮಡಿಸದೆ ಫೈಲಿನಲ್ಲಿಡಿ. ಗೋಡೆಗೆ ಹಾಕುವ ಆಸೆಯಿದ್ದರೆ ಬಣ್ಣದ ನಕಲು ಮಾಡಿಸಿ ಕಟ್ಟು ಹಾಕಿಸಿ, ಬಿಸಿಲಿಗೆ ಸಹಿ ಮಾಸಿದರೆ ನಕಲಿನದು ಮಾಸಲಿ. ಸ್ಕ್ಯಾನ್ ಮಾಡಿಸಿ ಡಿಜಿಲಾಕರ್‌ನಲ್ಲಿ ಹಾಕಿಡಿ, ಮೇಷ್ಟ್ರ ಹತ್ತಿರವೂ ಒಂದು ನಕಲು ಇರಲಿ. ಫೋನು ನೀರಿಗೆ ಬೀಳುತ್ತದೆ, ಮೂರು ಕಡೆ ಇದ್ದರೆ ಒಂದಾದರೂ ಉಳಿಯುತ್ತದೆ.

ಪದಕಕ್ಕೂ ಒಂದು ಚೀಟಿ ಕಟ್ಟಿ. ದಪ್ಪ ಕಾಗದದ ತುಂಡು, ಒಂದು ನೂಲು, ಎರಡು ನಿಮಿಷದ ಕೆಲಸ. ಮಗುವಿನ ಹೆಸರು, ತರಗತಿ, ಆಟ, ಮಟ್ಟ, ಊರು, ತಾರೀಖು ಬರೆಯಿರಿ. ಗುಂಡು ಎಷ್ಟು ಮೀಟರ್ ಹೋಯಿತು, ನೂರು ಮೀಟರ್ ಎಷ್ಟು ಸೆಕೆಂಡಿಗೆ ಮುಗಿಯಿತು ಎಂಬುದನ್ನೂ ಬರೆಯಿರಿ. ರಿಲೇ ಆದರೆ ನಾಲ್ವರ ಹೆಸರು, ಖೋ-ಖೋ ಆದರೆ ಇಡೀ ತಂಡದ ಹೆಸರು. ಬರಿಗಾಲಲ್ಲಿ ಓಡಿದ್ದು, ಜ್ವರದಲ್ಲಿ ಆಡಿದ್ದು, ಯಾರದೋ ಶೂ ಕೇಳಿ ಹಾಕಿಕೊಂಡದ್ದು ಇದ್ದರೆ ಅದೂ ಒಂದು ಸಾಲು ಇರಲಿ. ಈ ಚೀಟಿ ಇಲ್ಲದ ಪದಕ ಇಪ್ಪತ್ತು ವರ್ಷದ ಮೇಲೆ ಬರೀ ಲೋಹ. ಚೀಟಿ ಇದ್ದರೆ ಮೊಮ್ಮಕ್ಕಳೂ ಓದುತ್ತಾರೆ.

ಪದಕ ಬಹಳವಾದರೆ ಯಾವುದನ್ನು ಮುಂದಿಡಬೇಕು, ಯಾವುದನ್ನು ಒಳಗಿಡಬೇಕು? ಮಗುವನ್ನೇ ಕೇಳಿ. ನಾವು ಜಿಲ್ಲಾ ಮಟ್ಟದ ಪ್ರಥಮ ಸ್ಥಾನವನ್ನು ಮುಂದಿಡುತ್ತೇವೆ. ಮಗು ಮೂರನೆಯ ಸ್ಥಾನದ್ದನ್ನು ಆರಿಸಬಹುದು, ಯಾಕೆಂದರೆ ಅಂದು ಅದು ಬಿದ್ದು ಎದ್ದು ಓಡಿತ್ತು. ಗೆಲ್ಲದ ಆಟದ ಎದೆಯ ನಂಬರನ್ನೂ ಇಟ್ಟುಕೊಳ್ಳುತ್ತೇನೆ ಎಂದರೆ ಬೇಡವೆನ್ನಬೇಡಿ. ಇನ್ನೊಂದು ಮಾತು. ಅಣ್ಣನ ಪದಕ ತೋರಿಸಿ ತಮ್ಮನಿಗೆ "ನೀನೇನು ತಂದೆ?" ಎನ್ನಬೇಡಿ. ಪದಕ ಒಬ್ಬನ ಶ್ರಮದ ಗುರುತು, ಇನ್ನೊಬ್ಬನಿಗೆ ಬೀಸುವ ಬೆತ್ತವಲ್ಲ.

ಹೆಣ್ಣುಮಕ್ಕಳ ಪದಕಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಗಂಡುಮಕ್ಕಳ ಕಪ್ಪು ತವರಿನ ಜಗಲಿಯಲ್ಲೇ ಉಳಿಯುತ್ತದೆ. ಮಗಳು ಮದುವೆಯಾಗಿ ಹೋದ ಮೇಲೆ ಅವಳದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಸೀರೆ, ಪಾತ್ರೆ, ಬೀರು ಎಲ್ಲವನ್ನೂ ಲೆಕ್ಕ ಮಾಡಿ ಕಳಿಸುತ್ತೀರಿ. ಆ ಲೆಕ್ಕದಲ್ಲಿ ಅವಳ ಪದಕದ ಡಬ್ಬಿ, ಪ್ರಮಾಣಪತ್ರದ ಫೈಲು ಎರಡನ್ನೂ ಸೇರಿಸಿ. ಹೋದ ಮನೆಯವರಿಗೂ ಗೊತ್ತಾಗಲಿ, ಬಂದವಳು ಎಂಥ ಆಟಗಾರ್ತಿ ಎಂದು.

ಕೊನೆಯದಾಗಿ ಶಾಲೆಯ ವಿಷಯ. ಐವತ್ತು ವರ್ಷದಲ್ಲಿ ಈ ಶಾಲೆಗೆ ಬಂದ ಕಪ್ಪುಗಳು ಆಫೀಸಿನ ಕಪಾಟಿನಲ್ಲಿವೆ. ಗೆದ್ದವರ ಹೆಸರು ಎಲ್ಲದರ ಮೇಲೂ ಇಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ಪದಕವನ್ನು ಶಾಲೆಗೆ ಕೊಡುತ್ತೇವೆ ಎನ್ನುತ್ತಿದ್ದೀರಿ, ಸಂತೋಷ. ಆದರೆ ಬಲಬೀರ್ ಸಿಂಗ್ ಸೀನಿಯರ್ ಅವರನ್ನು ನೆನೆಯಿರಿ. 1948, 1952, 1956 ಹೀಗೆ ಮೂರು ಒಲಿಂಪಿಕ್ಸ್‌ನ ಹಾಕಿ ಚಿನ್ನ ಗೆದ್ದ ತಂಡಗಳಲ್ಲಿದ್ದವರು, ಮೆಲ್ಬರ್ನ್‌ನಲ್ಲಿ ನಾಯಕರು. 1985ರಲ್ಲಿ ಕ್ರೀಡಾ ವಸ್ತುಸಂಗ್ರಹಾಲಯಕ್ಕೆಂದು 36 ಪದಕಗಳನ್ನು, ನೂರಕ್ಕೂ ಹೆಚ್ಚು ಛಾಯಾಚಿತ್ರಗಳನ್ನು, ಮೆಲ್ಬರ್ನ್‌ನ ಬ್ಲೇಜರನ್ನು ಕೊಟ್ಟರು. ಮುಂದೆ ಕೇಳಿದಾಗ ಅವು ಎಲ್ಲಿವೆ ಎಂದು ಹೇಳುವವರಿರಲಿಲ್ಲ. 2020ರಲ್ಲಿ ಅವರು ತೀರಿಕೊಂಡರು, ವಸ್ತುಗಳು ಅವರ ಕೈಗೆ ಮರಳಲಿಲ್ಲ. ಅಂಥವರ ಪದಕಕ್ಕೇ ಹೀಗಾದರೆ ನಮ್ಮದರ ಗತಿ ಏನು?

ಹಾಗಾಗಿ ನನ್ನ ಸಲಹೆ ಇಷ್ಟು. ಪದಕ ನಿಮ್ಮ ಮನೆಯಲ್ಲೇ ಇರಲಿ. ಅದರ ಎರಡೂ ಬದಿಯ ಫೋಟೊ, ಪ್ರಮಾಣಪತ್ರದ ನಕಲು, ತಂಡದ ಹಳೆಯ ಚಿತ್ರ ಶಾಲೆಗೆ ಕೊಡಿ. ಕೊಟ್ಟೇ ಕೊಡುತ್ತೇನೆ ಎನ್ನುವವರು ಪಟ್ಟಿ ಬರೆದು, ಮುಖ್ಯೋಪಾಧ್ಯಾಯರ ಸಹಿ ಹಾಕಿದ ರಸೀದಿ ಪಡೆಯಿರಿ. ಅದು ಅಪನಂಬಿಕೆಯಲ್ಲ, ಮುಂದೆ ಬರುವ ಮೇಷ್ಟ್ರಿಗೆ ಅದೇ ದಾರಿ ತೋರಿಸುತ್ತದೆ. ಶಾಲೆಯವರು ಒಂದು ದಪ್ಪ ರಿಜಿಸ್ಟರ್ ತೆರೆಯಲಿ. ಮೊದಲ ವರ್ಷದಿಂದ ಇಲ್ಲಿಯವರೆಗೆ ವಲಯ ಮಟ್ಟ ದಾಟಿದ ಪ್ರತಿಯೊಬ್ಬರ ಹೆಸರು ಅದರಲ್ಲಿ ಬರಲಿ. ನೆನಪಿರುವವರು ನಾವು ಇನ್ನೂ ಇದ್ದೇವೆ, ಇರುವಾಗಲೇ ಬರೆಸಿಕೊಳ್ಳಿ. ಮೊದಲ ಪುಟಕ್ಕೆ ಕಬಡ್ಡಿ ತಂಡದ ಹನ್ನೆರಡು ಹೆಣ್ಣುಮಕ್ಕಳ ಹೆಸರನ್ನು ನಾನು ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ.