ವ್ಯಾಪಾರದಲ್ಲಿ ಧರ್ಮ

(ಸೋಲೂರಿನ ವರ್ತಕರ ಹಾಗೂ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ವ್ಯಾಪಾರವು ಲಾಭಕ್ಕಾಗಿಯೇ ನಡೆಯತಕ್ಕದ್ದು. ಅದನ್ನು ನಾವು ನಿಂದಿಸುವುದಿಲ್ಲ. ಪೇಟೆಯಿಲ್ಲದೆ ಊರು ಬೆಳೆಯದೆಂಬುದನ್ನು ಮಾಗಡಿಯ ಸೀಮೆಯವರಿಗೆ ಯಾರೂ ಕಲಿಸಬೇಕಾದುದಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಬೆಂಗಳೂರಿನಲ್ಲಿ ಅಕ್ಕಿಪೇಟೆ, ಅರಳೆಪೇಟೆಗಳು ಇಂದಿಗೂ ಸರಕಿನ ಹೆಸರನ್ನೇ ಹೊತ್ತು ನಿಂತಿವೆ. ಅವರ ವಂಶವು ಮುಂದೆ ಮಾಗಡಿಯಿಂದಲೇ ಆಳಿತು. ಆದರೆ ಕಾನೂನಿಗೆ ಸಿಕ್ಕದ ಲಾಭವೆಲ್ಲವೂ ನ್ಯಾಯವಾದ ಲಾಭವೆ? ಇದೇ ಇಂದು ನಾವು ವಿಚಾರಮಾಡಬೇಕಾದ ಪ್ರಶ್ನೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ತಾವೆಲ್ಲರೂ ಬಲ್ಲಿರಿ. ಗೂಡಿನ ವ್ಯಾಪಾರವನ್ನು ಹತೋಟಿಯಲ್ಲಿಡಲು 1959ರ ಶಾಸನವಿದೆ. ತಕ್ಕಡಿಯ ಮೋಸಕ್ಕೆ 2009ರ ಕಾನೂನು ಮಾಪನ ಕಾಯಿದೆಯಿದೆ. ಮಾದರಿ ತೋರಿಸಿ ಮಾರಿದರೆ ರಾಶಿಯೂ ಮಾದರಿಯಂತೆಯೇ ಇರಬೇಕೆಂದು 1930ರ ಸರಕು ಮಾರಾಟದ ಕಾಯಿದೆಯ 17ನೆಯ ಪ್ರಕರಣವು ವಿಧಿಸುತ್ತದೆ. ಈಗಂತೂ ಹರಾಜಿಗೂ ತೂಕಕ್ಕೂ ವಿದ್ಯುತ್ ಯಂತ್ರಗಳು ಬಂದಿವೆ. ಇಷ್ಟಿದ್ದರೂ ಧರ್ಮಕ್ಕೆ ಬದಲಾಗಿ ನಿಲ್ಲಬಲ್ಲ ಯಂತ್ರವು ಹುಟ್ಟಿಲ್ಲ.

ಏಕೆಂದರೆ ಗೂಡು ಕಾಯುವ ಸರಕಲ್ಲ. ಅದರೊಳಗಿನ ಹುಳುವು ಕೆಲವೇ ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಬಾರದು. ಆದುದರಿಂದ ರೈತನು ಒಲ್ಲದ ಬೆಲೆಗೂ ಮಾರಲೇಬೇಕು. ಈ ಗುಟ್ಟನ್ನು ಬಲ್ಲ ಕೊಳ್ಳುವವರು ಒಳಗೊಳಗೆ ಮಾತಾಡಿಕೊಂಡು ಬೆಲೆಯನ್ನು ಏರಿಸದೆ ನಿಂತರೆ ಏನಾಯಿತು? ತಕ್ಕಡಿ ಸರಿಯಾಗಿಯೇ ತೂಗಿತು, ರಸೀತಿಯೂ ಸರಿಯಾಗಿದೆ. ಆದರೆ ಒಂದು ಸಂಸಾರದ ತಿಂಗಳ ನಿದ್ದೆಗೆಟ್ಟ ದುಡಿಮೆ ಹೋಯಿತು. ಅದನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸುವುದು ಯಾವ ವಕೀಲನಿಗೂ ಸುಲಭವಲ್ಲ.

ರೈತನನ್ನೂ ನಾವು ಬಿಡಲಾರೆವು. ಒಳ್ಳೆಯ ಗೂಡನ್ನು ಮೇಲೆ ಹರಡಿ, ಕಲೆ ಹಿಡಿದುದನ್ನು ಅಡಿಯಲ್ಲಿ ಮರೆಮಾಡಿದವನು ತನ್ನ ನೆರೆಯವನ ಬೆಲೆಯನ್ನೂ ಕೆಡಿಸುತ್ತಾನೆ. ಒಮ್ಮೆ ಮೋಸಹೋದ ರೀಲರು ಮರುದಿನ ಸಾಚಾ ರಾಶಿಯನ್ನೂ ಸಂಶಯದಿಂದಲೇ ಕೂಗುತ್ತಾನೆ. ಮೋಸಮಾಡಿದವನ ದಂಡವನ್ನು ಪ್ರಾಮಾಣಿಕನು ತೆರುವಂತಾಗುತ್ತದೆ.

ಕಲ್ಯಾಣದ ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದಳೆಂಬ ಕಥೆಯು ನಮ್ಮ ನಾಡಿನದು. ಅವಳನ್ನು ತಡೆದುದು ಯಾವ ಕಾಯಿದೆಯೂ ಅಲ್ಲ. ಮಹಾತ್ಮರು 1925ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಏಳು ಸಾಮಾಜಿಕ ಪಾತಕಗಳಲ್ಲಿ ನೀತಿಯಿಲ್ಲದ ವ್ಯಾಪಾರವೂ ಒಂದು.

1956ನೆಯ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಆದರೆ ಬೆಳೆಯುವವನು ಕೊಳ್ಳುವವನನ್ನು ನಂಬದಿದ್ದರೆ, ಕೊಳ್ಳುವವನು ಬೆಳೆಯುವವನನ್ನು ನಂಬದಿದ್ದರೆ, ಆ ಐಕ್ಯವು ಭೂಪಟದಲ್ಲಿಯೇ ಉಳಿದೀತು. ವರ್ತಕರೆ, ಎದುರಿಗಿರುವವನ ಅವಸರವನ್ನು ನಿಮ್ಮ ಬಂಡವಾಳವನ್ನಾಗಿ ಮಾಡಿಕೊಳ್ಳಬೇಡಿರಿ. ರೈತರೆ, ರಾಶಿಯ ಮೇಲೂ ಅಡಿಯೂ ಒಂದೇ ಆಗಿರಲಿ. ಉಪಾಧ್ಯಾಯರೆ, ಲಾಭನಷ್ಟದ ಲೆಕ್ಕವನ್ನು ಹೇಳಿಕೊಡುವಾಗ, ಆ ಲಾಭವು ಯಾರ ನಷ್ಟದಿಂದ ಬಂದಿತೆಂದು ಮಕ್ಕಳನ್ನು ಒಮ್ಮೆ ಕೇಳಿರಿ. ಇಷ್ಟೇ ನಮ್ಮ ಅರಿಕೆ.