ಹೊಸ ಡಾಕ್ಟರ್ ಮುಂದೆ ನಾವು ಹೇಳದೇ ಬಿಟ್ಟದ್ದು

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರ್ತೀರಿ ಅಂದ್ಕೊಂಡಿದ್ದೀನಿ. ಇವತ್ತು ನಮ್ಮ ಮನೆಯದ್ದೇ ಒಂದು ಕಥೆ. ತಮ್ಮನನ್ನ ಕೇಳಿ, ಅವನು ಹೂಂ ಅಂದ ಮೇಲೇ ಹೇಳ್ತಿದ್ದೀನಿ.

ಅವನಿಗೆ ಆಗ 15 ವರ್ಷ. ಶಿವಮೊಗ್ಗದಲ್ಲಿ ಅವನನ್ನು ನೋಡ್ತಿದ್ದ ಮನೋವೈದ್ಯರು ಊರು ಬಿಟ್ಟು ಹೋದರು. ಬೆಂಗಳೂರಲ್ಲಿ ಹೊಸಬರ ಹತ್ತಿರ ಹೋದ್ವಿ. ಅಮ್ಮನ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರ ತುಂಬ ಚೀಟಿ, ರಿಪೋರ್ಟು. ಎಲ್ಲಾ ಇದೆ ಅಂದ್ಕೊಂಡಿದ್ವಿ. ಡಾಕ್ಟರ್ ಮೇಡಂ ಕೇಳಿದ್ದು ಆ ಕವರಲ್ಲಿ ಇಲ್ಲದ್ದನ್ನೇ. ಮೊದಲಿನ ಮಾತ್ರೆ ಎಷ್ಟು ದಿನ ತಗೊಂಡ? ಯಾಕೆ ನಿಲ್ಲಿಸಿದ್ರಿ? ಚಿಕ್ಕವನಿದ್ದಾಗ ಫಿಟ್ಸ್ ಬಂದಿತ್ತಾ? ಆಮೇಲೆ, "ಮನೆತನದಲ್ಲಿ ಯಾರಿಗಾದ್ರೂ ಮಾನಸಿಕ ತೊಂದರೆ ಇತ್ತಾ?"

"ಇಲ್ಲ ಮೇಡಂ, ನಮ್ಮ ಕಡೆ ಯಾರಿಗೂ ಇಲ್ಲ" ಅಂದಳು ಅಮ್ಮ.

ನಮ್ಮ ಚಿಕ್ಕಪ್ಪ ಇದ್ದಾರೆ. ವಾರಗಟ್ಟಲೆ ನಿದ್ದೆ ಮಾಡದೆ, ಸಾಲ ಮಾಡಿ ಎರಡೆರಡು ಬೈಕ್ ತಂದು ನಿಲ್ಲಿಸಿದವರು. ಆಮೇಲೆ ತಿಂಗಳುಗಟ್ಟಲೆ ಕೋಣೆಯಿಂದ ಈಚೆ ಬರದವರು. ಲಿಥಿಯಂ ಮಾತ್ರೆ ತಗೋತಾರೆ. ಮನೇಲಿ ಅದಕ್ಕೆ ಕಾಯಿಲೆ ಅನ್ನಲ್ಲ, "ತಲೆಬಿಸಿ" ಅಂತಾರೆ, ಅಷ್ಟೇ. ಅಮ್ಮನ ಮನಸ್ಸಲ್ಲಿ ಇದ್ದದ್ದು ನನ್ನ ಮದುವೆಯ ಚಿಂತೆ, ಮಾತು ಎಲ್ಲಿಗೆ ಹೋಗುತ್ತೋ ಅನ್ನೋ ಭಯ. ನಾನೂ ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಖಿನ್ನತೆ ಅಂತ ಮಾತ್ರೆ ಶುರುವಾಯ್ತು. ಮೂರನೇ ವಾರ ತಮ್ಮ ರಾತ್ರಿ 2 ಗಂಟೆಗೆ ಎದ್ದು ಕಪಾಟು ಪೂರ್ತಿ ಖಾಲಿ ಮಾಡಿ ಮತ್ತೆ ಜೋಡಿಸ್ತಿದ್ದ. ಮಾತು ನಿಲ್ತಾನೇ ಇರಲಿಲ್ಲ, ನಿದ್ದೆ ಬೇಕಾಗೇ ಇಲ್ಲ. ಹುಡುಗ ಚುರುಕಾದ ಅಂತ ಅಮ್ಮನಿಗೆ ಖುಷಿ. ನಂಗೆ ಚಿಕ್ಕಪ್ಪ ನೆನಪಾದರು. ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ಎಲ್ಲಾ ಹೇಳಿದೆ.

ಮೇಡಂ ಬೈಯಲಿಲ್ಲ. ಅವತ್ತೇ ಕರೆಸಿ ಔಷಧಿ ಬದಲಿಸಿದರು. ರಕ್ತಸಂಬಂಧಿಗಳಲ್ಲಿ ಬೈಪೋಲಾರ್ ಇದ್ದರೆ, ಖಿನ್ನತೆಯ ಮಾತ್ರೆಯಿಂದ ಕೆಲವರ ಮನಸ್ಸು ಇನ್ನೊಂದು ತುದಿಗೆ ಹಾರಿಬಿಡಬಹುದಂತೆ. ಗೊತ್ತಿದ್ದರೆ ಮೊದಲಿಂದಲೇ ಹುಷಾರಾಗಿ ನೋಡ್ತಾರೆ. ಹಾಗಂತ ಆ ಮಾತ್ರೆ ಕೆಟ್ಟದ್ದಲ್ಲ. ಇದನ್ನ ಕೇಳಿ ನೀವೇ ನಿಲ್ಲಿಸಿಬಿಡಬೇಡಿ ಮತ್ತೆ! ಸಕ್ಕರೆ ಕಾಯಿಲೆ ಥರ ರಕ್ತ ಪರೀಕ್ಷೆ ಮಾಡಿ ಖಿನ್ನತೆ ಹಿಡಿಯೋಕಾಗಲ್ಲ. ನಾವು ಹೇಳೋ ಕಥೆಯೇ ಡಾಕ್ಟರಿಗೆ ಸಿಗೋ ದೊಡ್ಡ ರಿಪೋರ್ಟು.

ಆ ಭಯದ ಬಗ್ಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು, ಅದು ರೋಗಿಯ ಹಕ್ಕು. ಹಳೇ ಆಸ್ಪತ್ರೆಯಿಂದ ದಾಖಲೆ ಕೇಳಿ ಪಡೆಯೋದೂ ಹಕ್ಕೇ. ಇದನ್ನ ಅಮ್ಮನಿಗೆ ನಾನು ಮೊದಲೇ ಹೇಳಬೇಕಿತ್ತು.

ಈಗ ಕವರ್ ಜೊತೆ ಒಂದು ಹಾಳೆ ಇರುತ್ತೆ. ಬರೆದದ್ದು ನಾನು, ಫೋನಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆಸಿದೆ. ಹುಟ್ಟಿದಾಗಿನಿಂದ ಏನೇನಾಯ್ತು, ಮಾತು ನಡಿಗೆ ಯಾವಾಗ ಬಂತು, ಶಾಲೆಯಲ್ಲಿ ಯಾವಾಗ ಬದಲಾದ, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ, ಯಾವುದರಿಂದ ಏನು ತೊಂದರೆಯಾಯ್ತು. ಖಾಲಿ ಸ್ಟ್ರಿಪ್ ಎಸೆಯೋ ಮುಂಚೆ ಒಂದು ಫೋಟೋ. ಊರಲ್ಲಿ ಕೊಡಿಸಿದ ನಾಟಿ ಔಷಧಿನೂ ಬರೆದೆ. ಅಮ್ಮ ಅದು ಬೇಡ ಅಂದಳು, ಬರೆದೆ. ಚಿಕ್ಕಪ್ಪನ ಹತ್ತಿರ ಕೇಳೋಕೆ ಹೆದರಿಕೆಯಿತ್ತು. ಅವರು ತಮ್ಮ ಚೀಟಿಯ ಫೋಟೋ ವಾಟ್ಸಾಪಲ್ಲಿ ಕಳಿಸಿ, "ಮೊದಲೇ ಕೇಳಬಾರದಿತ್ತೇನೇ?" ಅಂದರು.

ನಾವು ಮಾಡ್ತಿದ್ದ ಇನ್ನೊಂದು ತಪ್ಪು, ತಮ್ಮ ಎದುರಿಗೇ ಕೂತಿದ್ದರೂ ಅವನು ಅಲ್ಲಿಲ್ಲವೇನೋ ಅನ್ನೋ ಥರ "ಇವನು ಹಿಂಗೆ, ಇವನು ಹಂಗೆ" ಅಂತ ಹೇಳೋದು. ಈಗ ಮೊದಲು ಅವನೊಬ್ಬನೇ ಒಳಗೆ ಹೋಗಿ ಮಾತಾಡ್ತಾನೆ, ಆಮೇಲೆ ನಾವು. ಹಾಳೆಯನ್ನೂ ಮೊದಲು ಅವನೇ ಓದ್ತಾನೆ.

ಮೊದಲ ಸಲ ಓದಿದಾಗ ಪೆನ್ ತಗೊಂಡು ಒಂದು ಸಾಲು ಹೊಡೆದುಹಾಕಿದ. "ಅಕ್ಕ, ನಾನು ಕ್ರಿಕೆಟ್ ಬಿಟ್ಟಿದ್ದು ಒಂಬತ್ತನೇ ಕ್ಲಾಸಲ್ಲಿ ಅಲ್ಲ. ಏಳರಲ್ಲೇ. ದಿನಾ ಬ್ಯಾಟ್ ಹಿಡ್ಕೊಂಡು ಹೋಗಿ ಕೆರೆ ಏರಿ ಮೇಲೆ ಕೂತು ಬರ್ತಿದ್ದೆ." ಎರಡು ವರ್ಷ ನಮಗ್ಯಾರಿಗೂ ಗೊತ್ತಿರಲಿಲ್ಲ. ಮೇಡಂ ಆ ಸಾಲಿನ ಕೆಳಗೆ ಗೆರೆ ಎಳೆದು, ಅಲ್ಲಿಂದಲೇ ಕೇಳೋಕೆ ಶುರು ಮಾಡಿದರು.

ಯಾರ ಹತ್ತಿರ ಹೋಗಬೇಕು ಅಂತಲೇ ಗೊತ್ತಿಲ್ಲದವರು ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮುಂದಿನ ಎಪಿಸೋಡಲ್ಲಿ ಸಿಗೋಣ.